ಬಡವರ ಓಣಿಯೂ ಪೋಲೀಸ ಠಾಣೆಯೂ

(ಬಿ. ಎ. ಅಂತಿಮ ವರ್ಷ)

ಜನವಸತಿ ಇದ್ದಲ್ಲಿ ಕಾವಲು ಇರಲೇಬೇಕು. ಆದರೆ ಕಾವಲುಗಾರನು ಯಾರ ಮನುಷ್ಯ, ಅವನು ಯಾರಿಗೆ ಲೆಕ್ಕ ಒಪ್ಪಿಸತಕ್ಕವನು ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳು ಬಂದಿವೆ. ಲಂಡನ್ ನಗರಕ್ಕೆ 1829ರಲ್ಲಿ ಸರ್ ರಾಬರ್ಟ್ ಪೀಲನು ಸಂಬಳದ ಪೋಲೀಸ ದಳವನ್ನು ಕಟ್ಟಿಸಿದಾಗ, ಪೋಲೀಸನು ಸೈನಿಕನಲ್ಲ, ಸಮವಸ್ತ್ರ ತೊಟ್ಟ ನಾಗರಿಕನೇ ಸರಿ ಎಂಬ ಭಾವನೆ ಅದರ ಹಿಂದೆ ಇತ್ತು. ನಮ್ಮ ದೇಶಕ್ಕೆ ಬಂದದ್ದು ಆ ಪೋಲೀಸನಲ್ಲ. 1857ರ ದಂಗೆಯಿಂದ ಬೆದರಿದ ಸರ್ಕಾರವು 1861ರಲ್ಲಿ ಮಾಡಿದ ಪೋಲೀಸ ಕಾಯಿದೆ ಆಳುವವರ ರಕ್ಷಣೆಯನ್ನು ಮೊದಲು ನೋಡಿತು, ಆಳಿಸಿಕೊಳ್ಳುವವರ ರಕ್ಷಣೆಯನ್ನು ಆಮೇಲೆ. ಬಡವರ ಓಣಿಯಲ್ಲಿ ಇಂದಿಗೂ ಅಳುವ ಕೂಸನ್ನು ಸುಮ್ಮನಾಗಿಸಲು ತಾಯಂದಿರು ಪೋಲೀಸನ ಹೆಸರು ಹೇಳುತ್ತಾರಲ್ಲ, ಅದರ ಬೇರು ಇಲ್ಲಿದೆ.

ಈಗ ಕೆಲವು ವರ್ಷಗಳಿಂದ 'ಜನಸ್ನೇಹಿ ಪೋಲೀಸ', 'ಸಮುದಾಯ ಪೋಲೀಸ ವ್ಯವಸ್ಥೆ' ಎಂಬ ಮಾತುಗಳು ಪತ್ರಿಕೆಗಳಲ್ಲಿಯೂ ಭಾಷಣಗಳಲ್ಲಿಯೂ ಕೇಳಿಬರುತ್ತಿವೆ. ಪೋಲೀಸರು ಅಪರಾಧ ನಡೆದ ಮೇಲೆ ಬರುವುದರ ಬದಲು, ಮೊದಲೇ ಓಣಿಯಲ್ಲಿ ಓಡಾಡುತ್ತ, ಜನರ ಹೆಸರು ತಿಳಿದುಕೊಂಡು, ಅವರೊಡನೆ ಕೂಡಿ ಓಣಿಯನ್ನು ಕಾಯುವುದು ಎಂದು ಅದರ ಅರ್ಥವನ್ನು ಸ್ಥೂಲವಾಗಿ ಹೇಳಬಹುದು. ಒಳ್ಳೆಯ ಮಾತು. ಆದರೆ ಯಾವ ಓಣಿಯಲ್ಲಿ ಬಹುಕಾಲ ಪುಂಡರ ಆಳಿಕೆ ನಡೆದಿದೆಯೋ, ಅಥವಾ ಯಾವ ಓಣಿಯನ್ನು ಸರ್ಕಾರವೇ ಬಹುಕಾಲ ಸಂಶಯದಿಂದ ನೋಡಿದೆಯೋ, ಅಲ್ಲಿ ಈ ಮಾತು ನಿಜವಾಗಲು ಏನು ಬೇಕು? ಈ ಲೇಖನದಲ್ಲಿ ಅದನ್ನು ಯಥಾಶಕ್ತಿ ವಿಚಾರಿಸಬೇಕೆಂದು ಮಾಡಿದ್ದೇನೆ. ನಾನು ಬೆಟಗೇರಿಯ ನೇಕಾರ ಮನೆತನದವನು. ನಮ್ಮ ಓಣಿಯಿಂದ ಸೆಟ್ಲಮೆಂಟಿಗೆ ಕಾಲುನಡಿಗೆಯ ದಾರಿ. ಆದುದರಿಂದ ಈ ವಿಚಾರ ನನಗೆ ಪುಸ್ತಕದ್ದು ಮಾತ್ರವಲ್ಲ.

ಹಳೆಯ ಕಾಲದಲ್ಲಿ ಎಲ್ಲವೂ ಚೆನ್ನಾಗಿತ್ತೆಂದು ಹೇಳುವವರುಂಟು. ಮುಂಬಯಿ ಇಲಾಖೆಗೆ ಸೇರಿದ್ದ ನಮ್ಮ ಭಾಗದಲ್ಲಿ ಪೋಲೀಸ ಪಾಟೀಲ, ತಳವಾರ, ವಾಲೀಕಾರ ಎಂಬ ಊರ ಹುದ್ದೆಗಳಿದ್ದವು. 1867ರ ಗ್ರಾಮ ಪೋಲೀಸ ಕಾಯಿದೆ ಪೋಲೀಸ ಪಾಟೀಲನಿಗೆ ಅಧಿಕಾರ ಕೊಟ್ಟಿತ್ತು. ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಲ್ಲಿ 'ತಳವಾರ' ಎಂಬುದು ಈಗ ಅಡ್ಡಹೆಸರಾಗಿ ಉಳಿದಿದೆ. ತಳವಾರನಿಗೆ ಊರಿನ ಪ್ರತಿಯೊಬ್ಬನ ಹೆಜ್ಜೆಯೂ ಗೊತ್ತು, ಹೊರಗಿನಿಂದ ಬಂದವನೂ ಗೊತ್ತು. ಈ ಅರ್ಥದಲ್ಲಿ ಅವನು ಸಮುದಾಯದ ಪೋಲೀಸನೇ. ಆದರೆ ಅವನ ಕೆಲಸ ಹುಟ್ಟಿನಿಂದ ಬಂದದ್ದು, ಅವನಿಗೆ ಅಪ್ಪಣೆ ಕೊಡುವವರು ವಾಡೆಯವರು. ಊರಿನ ಕೆರಿಯವರು ತಳವಾರನ ಮೇಲೆ ದೂರು ಕೊಡಬೇಕಾದರೆ ಅದೇ ವಾಡೆಯ ಕಟ್ಟೆಯ ಮುಂದೆ ನಿಲ್ಲಬೇಕಾಗಿತ್ತು. ಮೈಸೂರು ರಾಜ್ಯವು 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ತೆಗೆದುಹಾಕಿದ್ದು ಸರಿಯೇ ಆಯಿತು. ಪರಿಚಯ ಒಂದು, ಜವಾಬ್ದಾರಿ ಇನ್ನೊಂದು. ತಳವಾರನಲ್ಲಿ ಮೊದಲನೆಯದಿತ್ತು, ಎರಡನೆಯದು ಊರಿನ ಮೇಲುಸ್ತರಕ್ಕೆ ಮಾತ್ರ ಸಲ್ಲುತ್ತಿತ್ತು.

ಮಾದಕ ದಂಧೆಯ ತಂಡಗಳ ಕೈಯೊಳಗಿದ್ದ ಬಡವಾಡೆಗಳಲ್ಲಿ ಪೋಲೀಸರು ಹೋಗಿ ನೆಲೆಯೂರಿದ ಅತಿ ದೊಡ್ಡ ಪ್ರಯೋಗಗಳಲ್ಲೊಂದು ನಡೆದದ್ದು ದಕ್ಷಿಣ ಅಮೆರಿಕೆಯ ಬ್ರೆಝಿಲ್ ದೇಶದ ರಿಯೋ ಡಿ ಜನೈರೋ ನಗರದಲ್ಲಿ. ಅದನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಅವಶ್ಯ, ಏಕೆಂದರೆ ಅದರಲ್ಲಿ ಗೆಲುವೂ ಇದೆ, ಸೋಲೂ ಇದೆ.

ರಿಯೋ ನಗರದ ಗುಡ್ಡಗಳ ಮೇಲೆ ಬಡವರು ತಾವೇ ಇಟ್ಟಿಗೆ ಕಟ್ಟಿಕೊಂಡ ವಸತಿಗಳಿಗೆ ಫವೇಲಾ ಎಂದು ಹೆಸರು. ಸರ್ಕಾರ ಅಲ್ಲಿಗೆ ನೀರನ್ನಾಗಲಿ ಚರಂಡಿಯನ್ನಾಗಲಿ ನೆಟ್ಟಗೆ ಒಯ್ಯಲಿಲ್ಲ, ಠಾಣೆಯನ್ನೂ ಒಯ್ಯಲಿಲ್ಲ. 1970ರ ದಶಕದಲ್ಲಿ ಸೆರೆಮನೆಯೊಂದರೊಳಗೆ ಹುಟ್ಟಿದ 'ಕೋಮಾಂಡೋ ವೆರ್ಮೆಲ್ಯೋ' ಅಂದರೆ 'ಕೆಂಪು ದಳ'ವೂ ಅದರ ಪ್ರತಿಸ್ಪರ್ಧಿ ತಂಡಗಳೂ ಕೊಕೇನಿನ ವ್ಯಾಪಾರದಿಂದ ಬಲಿತು, ಒಂದೊಂದು ಗುಡ್ಡವನ್ನು ಒಂದೊಂದು ತಂಡ ಹಿಡಿದುಕೊಂಡವು. ತಂಡದ ಹುಡುಗರು ಬಂದೂಕು ಹಿಡಿದು ಓಣಿಯ ಬಾಯಲ್ಲಿ ನಿಲ್ಲುವರು; ಗಂಡಹೆಂಡಿರ ಜಗಳದಿಂದ ಹಿಡಿದು ಕಳವಿನವರೆಗೆ ನ್ಯಾಯ ಹೇಳುವರು; ಔಷಧಕ್ಕೆ ದುಡ್ಡಿಲ್ಲದವನಿಗೆ ದುಡ್ಡು ಕೊಡುವರು. ಪೋಲೀಸರು ಬಂದರೆ ದಾಳಿಗೆಂದು ಬರುವರು, ಗುಂಡು ಹಾರಿಸುವರು, ಹೊರಟುಹೋಗುವರು. ಮರುದಿನ ತಂಡ ಮತ್ತೆ ಅಲ್ಲಿಯೇ. ಬಡವನಿಗೆ ಆ ಎರಡು ಬಂದೂಕುಗಳ ನಡುವೆ ಆಯ್ಕೆ ಇರಲಿಲ್ಲ.

2008ರ ಡಿಸೆಂಬರಿನಲ್ಲಿ ಸಾಂತಾ ಮಾರ್ತಾ ಎಂಬ ಗುಡ್ಡದಲ್ಲಿ ಮೊದಲನೆಯ 'ಶಾಂತಿಸ್ಥಾಪಕ ಪೋಲೀಸ ಘಟಕ' ತೆರೆಯಿತು. ಆಗ ರಾಜ್ಯದ ಸುರಕ್ಷಾ ಕಾರ್ಯದರ್ಶಿಯಾಗಿದ್ದವನು ಜೋಸೆ ಮರಿಯಾನೋ ಬೆಲ್ತ್ರಾಮೆ. ಮೊದಲು ವಿಶೇಷ ದಳ ಗುಡ್ಡವನ್ನು ಹಿಡಿಯುವುದು, ಬಳಿಕ ಹೊಸದಾಗಿ ಭರ್ತಿಯಾದ ಪೋಲೀಸರು ಅಲ್ಲಿಯೇ ನೆಲೆ ನಿಲ್ಲುವುದು, ಅವರ ಬೆನ್ನಿಗೆ ಶಾಲೆ, ದವಾಖಾನೆ, ಕಾನೂನುಬದ್ಧ ವಿದ್ಯುತ್ತು ಬರುವುದು ಎಂದು ಯೋಜನೆ. ಹೊಸಬರನ್ನೇ ಆರಿಸಿದ ಕಾರಣವೆಂದರೆ ಹಳಬರು ತಂಡಗಳಿಂದ ಹಣ ತಿಂದಿದ್ದರೆಂಬ ಶಂಕೆ. ತಂಡಗಳಿಗೆ ಮುಂಚೆಯೇ ದಿನ ತಿಳಿಸಿ ಪೋಲೀಸರು ಒಳಹೋದದ್ದೂ ಉಂಟು. ರಕ್ತಪಾತಕ್ಕಿಂತ ಅವರು ಓಡಿಹೋಗುವುದು ಲೇಸೆಂದು ಎಣಿಸಿದರು. ಇದನ್ನು ಹೇಡಿತನವೆಂದವರಿದ್ದರು. ನನಗೆ ಅದು ವಿವೇಕವಾಗಿಯೇ ಕಾಣುತ್ತದೆ. ಮೊದಲ ಕೆಲವು ವರ್ಷ ಆ ಗುಡ್ಡಗಳಲ್ಲಿ ಕೊಲೆಗಳು ಇಳಿದವು, ಮಕ್ಕಳು ಹೊರಗೆ ಆಡಿದರು, ಅಂಗಡಿಗಳೆದ್ದವು. ಘಟಕಗಳ ಸಂಖ್ಯೆ 38ಕ್ಕೆ ಏರಿತು.

ಹಾಗಾದರೆ ಅದು ಕೆಟ್ಟದ್ದೆಲ್ಲಿ? ಪೋಲೀಸರು ಬಂದರು, ಆದರೆ ಅವರ ಬೆನ್ನಿಗೆ ಬರಬೇಕಾಗಿದ್ದವು ಎಷ್ಟೋ ಕಡೆ ಬರಲಿಲ್ಲ. ಬಂದವೂ ಜನರನ್ನು ಕೇಳಿ ಬಂದವಲ್ಲ. ಅಲೆಮಾವ್ ಎಂಬ ದೊಡ್ಡ ಫವೇಲಾ ಸಮೂಹಕ್ಕೆ 2011ರಲ್ಲಿ ತಂತಿಯ ಮೇಲೆ ತೂಗಿ ಹೋಗುವ ರೋಪ್‌ವೇ ಬಂತು; 2016ರಲ್ಲಿ ನಿಂತುಹೋಯಿತು. ರೋಸಿನ್ಯಾ ಎಂಬಲ್ಲಿ ಅಂಥದೇ ರೋಪ್‌ವೇ ಮಾಡಹೊರಟಾಗ ಜನರು ಬೀದಿಗಿಳಿದು, ನಮಗೆ ಬೇಕಾದದ್ದು ಚರಂಡಿ ಎಂದು ಕೂಗಿದರು. ಇನ್ನೊಂದು ಸಂಗತಿ ಸಣ್ಣದಾದರೂ ಗಮನಿಸತಕ್ಕದ್ದು. ಗುಡ್ಡದ ಹುಡುಗರು ವಾರದ ಕೊನೆಗೆ ನಡೆಸುವ ಹಾಡುಕುಣಿತದ ಕೂಟಕ್ಕೆ ಘಟಕದ ಅಧಿಕಾರಿಯ ಅಪ್ಪಣೆ ಬೇಕಾಯಿತು. ಹಿಂದೆ ತಂಡದ ಮುಖಂಡನನ್ನು ಕೇಳುತ್ತಿದ್ದರು. ಈಗ ಪೋಲೀಸ ಸಾಹೇಬನನ್ನು ಕೇಳಬೇಕು. ಕೇಳಬೇಕಾದವರು ಮಾತ್ರ ಅವರೇ. 2013ರ ಜುಲೈಯಲ್ಲಿ ಅದೇ ರೋಸಿನ್ಯಾದ ಅಮರಿಲ್ದೋ ಎಂಬ ಗೌಂಡಿಯನ್ನು ವಿಚಾರಣೆಗೆಂದು ಘಟಕಕ್ಕೆ ಒಯ್ದರು. ಅವನು ಮರಳಿ ಬರಲಿಲ್ಲ. 'ಅಮರಿಲ್ದೋ ಎಲ್ಲಿ?' ಎಂಬ ಪ್ರಶ್ನೆ ಇಡೀ ದೇಶದ ಪ್ರಶ್ನೆಯಾಯಿತು, 2016ರಲ್ಲಿ ಹಲವು ಪೋಲೀಸರಿಗೆ ಶಿಕ್ಷೆಯೂ ಆಯಿತು. ಆದರೆ ಕಟ್ಟಿದ ನಂಬಿಕೆ ಕುಸಿದಿತ್ತು. ಅದೇ ವರ್ಷ ರಾಜ್ಯದ ಬೊಕ್ಕಸ ಬರಿದಾಯಿತು; 2018ರಲ್ಲಿ ಘಟಕಗಳಲ್ಲಿ ಸುಮಾರು ಅರ್ಧದಷ್ಟನ್ನು ಮುಚ್ಚಲು ಅಥವಾ ಬೇರೆಯವುಗಳೊಡನೆ ಕೂಡಿಸಲು ಗೊತ್ತುಮಾಡಿದರು. 2025ರ ಅಕ್ಟೋಬರಿನಲ್ಲಿ ಅಲೆಮಾವ್ ಮತ್ತು ಪೆನ್ಯಾ ಎಂಬ ಎರಡು ಸಮೂಹಗಳಲ್ಲಿ ನಡೆದ ಒಂದೇ ದಾಳಿಯಲ್ಲಿ 120ಕ್ಕೂ ಹೆಚ್ಚು ಜನ ಸತ್ತರು. ಆ ಎರಡರಲ್ಲಿಯೂ ಹಿಂದೆ ಶಾಂತಿಸ್ಥಾಪಕ ಘಟಕಗಳು ತೆರೆದಿದ್ದವೆಂಬುದನ್ನು ನೆನೆದರೆ, ಹದಿನೇಳು ವರ್ಷಗಳ ಚಕ್ರ ತಿರುಗಿ ಹೊರಟಲ್ಲಿಗೇ ಬಂದಂತಾಯಿತು.

ನಮ್ಮ ಗದಗ-ಬೆಟಗೇರಿಯನ್ನು ರಿಯೋ ನಗರಕ್ಕೆ ಹೋಲಿಸುವುದು ಉತ್ಪ್ರೇಕ್ಷೆಯೆಂದು ವಾಚಕರು ಹೇಳಬಹುದು. ನಿಜ, ನಮ್ಮಲ್ಲಿ ಗುಡ್ಡ ಹಿಡಿದು ಕುಳಿತ ಬಂದೂಕಿನ ತಂಡಗಳಿಲ್ಲ. ಆದರೆ ಪೋಲೀಸರು ಬಡವರ ನಡುವೆ ನೆಲೆ ನಿಂತ ಪ್ರಯೋಗ ನಮ್ಮಲ್ಲಿ ರಿಯೋಗಿಂತ ಸುಮಾರು ನೂರು ವರ್ಷ ಮೊದಲೇ ನಡೆದಿದೆ. ಅದರ ಹೆಸರೇ ಸೆಟ್ಲಮೆಂಟ್.

ಬ್ರಿಟಿಷ್ ಸರ್ಕಾರವು 1871ರಲ್ಲಿ 'ಅಪರಾಧಿ ಬುಡಕಟ್ಟುಗಳ ಕಾಯಿದೆ'ಯನ್ನು ಮಾಡಿತು. ಮೊದಲು ಉತ್ತರ ಹಿಂದುಸ್ತಾನಕ್ಕಿದ್ದ ಅದು 1911ರ ಹೊಸ ರೂಪದಲ್ಲಿ ಎಲ್ಲ ಪ್ರಾಂತಗಳಿಗೂ ಚಾಚಿತು. ಒಬ್ಬನು ಕಳವು ಮಾಡಿದನೋ ಇಲ್ಲವೋ ಎಂಬುದು ಅಲ್ಲಿ ಪ್ರಶ್ನೆಯಲ್ಲ. ಗೊತ್ತುಪಡಿಸಿದ ಜಾತಿಯಲ್ಲಿ ಹುಟ್ಟಿದರೆ ಸಾಕು, ಅವನ ಹೆಸರು ದಫ್ತರಕ್ಕೆ ಏರಬಹುದು. ಮುಂಬಯಿ ಇಲಾಖೆಯಲ್ಲಿ ಸ್ಟಾರ್ಟ್ ಎಂಬ ಐ.ಸಿ.ಎಸ್. ಅಧಿಕಾರಿ ವಿಜಾಪುರದಿಂದ ಮೊದಲುಮಾಡಿ ಇಂಥ ಜನರಿಗೆ ವಸಾಹತುಗಳನ್ನು ಕಟ್ಟಿಸಿದನು. ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ಅವು ಎದ್ದವು. ಗಂಟಿಚೋರ, ಕೊರಚ, ಹರಣಶಿಕಾರಿ ಮೊದಲಾದವರನ್ನು ತಂದು ಅವುಗಳಲ್ಲಿ ಇರಿಸಿದರು. ಒಂದು ಸಮುದಾಯದ ಹೆಸರಿನಲ್ಲಿಯೇ 'ಚೋರ' ಎಂಬುದನ್ನು ಕೂಡಿಸಿ ಸರ್ಕಾರಿ ಪಟ್ಟಿಯಲ್ಲಿ ಬರೆದದ್ದನ್ನು, ಸ್ವಾತಂತ್ರ್ಯ ಬಂದ ಮೇಲೂ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಅದೇ ಹೆಸರು ಉಳಿದದ್ದನ್ನು ನೋಡಿದರೆ ಮನಸ್ಸಿಗೆ ನೋವಾಗುತ್ತದೆ. ಆ ಹೆಸರಿನ ಪ್ರಮಾಣಪತ್ರ ಹಿಡಿದು ಕಾಲೇಜಿಗೆ ಬರುವ ಹುಡುಗನಿಗೆ ಹೇಗಾಗಬೇಡ!

ಸೆಟ್ಲಮೆಂಟಿನ ಕ್ರಮ ಹೀಗಿತ್ತು. ಹೆಸರು ದಾಖಲಾದವರು ಗೊತ್ತಾದ ವೇಳೆಗೆ ಹಾಜರಿ ಕೊಡಬೇಕು. ಹೊರಗೆ ಹೋಗಲು ಪಾಸು ಬೇಕು. ಪಾಸಿಲ್ಲದೆ ಸಿಕ್ಕರೆ ಅದೇ ಒಂದು ಅಪರಾಧ. ಮಕ್ಕಳನ್ನು ಕಡ್ಡಾಯವಾಗಿ ಸಾಲೆಗೆ ಕಳಿಸಬೇಕು. ದೊಡ್ಡವರಿಗೆ ಗಿರಣಿಯಲ್ಲೋ ಕಾರಖಾನೆಯಲ್ಲೋ ಕೆಲಸ ಹಚ್ಚಿಕೊಡುವರು. ಸ್ಟಾರ್ಟನು ಕ್ರೂರಿಯೆಂದು ಹೇಳಲಾಗದು. 1928ರಿಂದ 1930ರವರೆಗೆ ಹಿಂದುಳಿದ ವರ್ಗಗಳ ಸ್ಥಿತಿಯನ್ನು ವಿಚಾರಿಸಿದ ಮುಂಬಯಿ ಸರ್ಕಾರದ ಸಮಿತಿಗೆ ಅವನೇ ಅಧ್ಯಕ್ಷ, ಡಾ. ಅಂಬೇಡಕರರು ಅದರ ಸದಸ್ಯರಾಗಿದ್ದರು. ಬೇರೆ ಬಡವರ ಕೇರಿಗೆ ಸಾಲೆ ಬರುವ ಮೊದಲೇ ಸೆಟ್ಲಮೆಂಟುಗಳಿಗೆ ಸಾಲೆ ಬಂದಿತ್ತೆಂಬುದನ್ನು ಮರೆಮಾಚಬಾರದು. ಕಾವಲು, ಸಾಲೆ, ಉದ್ಯೋಗ: ರಿಯೋದ ಯೋಜನೆಯ ಮೂರೂ ಅಂಗಗಳು ಇಲ್ಲಿದ್ದವು. ಇಲ್ಲದಿದ್ದದ್ದು ಒಂದೇ. ಒಳಗಿದ್ದವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

ಮುಂಬಯಿ ಸರ್ಕಾರವು 1949ರಲ್ಲಿ ಈ ಕಾಯಿದೆಯನ್ನು ರದ್ದುಮಾಡಿತು. ಇಡೀ ದೇಶದಲ್ಲಿ ಅದು ಹೋದದ್ದು 1952ರ ಆಗಸ್ಟ್ 31ರಂದು. ಅಂದಿನಿಂದ ಈ ಜನರಿಗೆ 'ವಿಮುಕ್ತ'ರೆಂಬ ಹೆಸರು ಬಂತು. ತಂತಿಬೇಲಿ ಹೋಯಿತು, ಹಾಜರಿ ಹೋಯಿತು. ಊರವರ ಸಂಶಯ ಹೋಗಲಿಲ್ಲ. ಜಾತಿಯನ್ನು ಬಿಟ್ಟು ವ್ಯಕ್ತಿಯನ್ನು ಹಿಡಿಯುವೆವೆಂದು ಸರ್ಕಾರಗಳು ರೂಢಿಗತ ಅಪರಾಧಿಗಳ ಕಾಯಿದೆಗಳನ್ನು ಮಾಡಿದವು. ನಮ್ಮ ರಾಜ್ಯದ್ದು 1961ರದು. ಕಾಗದದ ಮೇಲೆ ವ್ಯಕ್ತಿ, ಬೀದಿಯಲ್ಲಿ ಮತ್ತೆ ಅದೇ ಓಣಿ. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಸೆರೆಮನೆಗಳಲ್ಲಿನ ಜಾತಿಭೇದದ ಮೊಕದ್ದಮೆಯಲ್ಲಿ ತೀರ್ಪು ಕೊಡುವಾಗ, ವಿಮುಕ್ತ ಜನರನ್ನು ಹುಟ್ಟಿನಿಂದಲೇ ಅಪರಾಧಿಗಳಂತೆ ಕಾಣುವ ರೂಢಿ ಇನ್ನೂ ಉಳಿದಿರುವುದನ್ನು ಖಂಡಿಸಿತು. ಕಾಯಿದೆ ಸತ್ತು ಎಪ್ಪತ್ತೆರಡು ವರ್ಷಗಳಾದ ಮೇಲೆ ಬಂದ ಮಾತಿದು.

ಇನ್ನು ದಂಧೆಯ ವಿಷಯ. ಸೆಟ್ಲಮೆಂಟಿನ ಬೇಲಿ ಕಿತ್ತ ಕಾಲದಲ್ಲಿಯೇ ಮುಂಬಯಿ ರಾಜ್ಯದಲ್ಲಿ ಪಾನನಿಷೇಧ ಜಾರಿಗೆ ಬಂದಿತು. ರಾಜ್ಯ ಪುನರ್ವಿಂಗಡಣೆಯ ನಂತರ ಮೈಸೂರಿಗೆ ಸೇರಿದ ನಮ್ಮ ಭಾಗದಲ್ಲಿ ಅದು 1960ರ ದಶಕದ ಉತ್ತರಾರ್ಧದವರೆಗೂ ಇತ್ತು. ಕುಡಿಯುವವರು ಊರಿನ ಎಲ್ಲ ಓಣಿಗಳಲ್ಲಿದ್ದರು. ಕಾಯಿಸಿ ಮಾರುವ ಕೆಲಸ ಮಾತ್ರ, ಬೇರೆ ಯಾರೂ ಕೆಲಸ ಕೊಡದಿದ್ದವರ ಪಾಲಿಗೆ ಬರುವುದು ಸ್ವಾಭಾವಿಕ. ಕೊಳೆತ ಬೆಲ್ಲ, ಮರದ ತೊಗಟೆ, ನವಸಾಗರ ಇಷ್ಟಿದ್ದರೆ ಕಳ್ಳಭಟ್ಟಿ ಸಿದ್ಧ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ಮಾರಾಟವನ್ನು ನಿಲ್ಲಿಸಿದ ಬಳಿಕ ಅಗ್ಗದ ಕುಡಿತಕ್ಕೆ ಮತ್ತೆ ಕಳ್ಳದಾರಿ ಹುಡುಕುವವರು ಉಳಿದೇ ಉಳಿದರು. ಅದರ ಜೊತೆಗೆ ಓಸಿ ಮಟಕಾ. ಈಚೆಗೆ ಗಾಂಜಾದ ಪುಡಿಕೆ. ಇವುಗಳಲ್ಲಿ ಯಾವುದೂ ಒಂದು ಓಣಿಯ ಅಥವಾ ಒಂದು ಜಾತಿಯ ಸ್ವತ್ತಲ್ಲವೆಂದು ಸ್ಪಷ್ಟವಾಗಿ ಹೇಳಬೇಕು. ಮಟಕಾ ಚೀಟಿಯ ಮೇಲೆ ಹಣ ಕಟ್ಟುವವರಲ್ಲಿ ನಮ್ಮ ನೇಕಾರರೂ ಇದ್ದಾರೆ. ವಾರದ ಕೂಲಿ ಶನಿವಾರ ಬಂದು ರವಿವಾರ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ದಂಧೆಯವನ ಬಲ ಅವನ ಕತ್ತಿಯಲ್ಲಿಲ್ಲ, ಅವನ ಸಾಲದಲ್ಲಿದೆ. ಮಗಳ ಮದುವೆಗೆ, ಸತ್ತವರ ಮಣ್ಣಿಗೆ, ಸಾಲೆಯ ಫೀಗೆ ರಾತ್ರಿ ಹತ್ತು ಗಂಟೆಗೆ ಕದ ತಟ್ಟಿದರೆ ಹಣ ಕೊಡುವವನು ಅವನೊಬ್ಬನೇ. ಹೀಗಿರಲು ಓಣಿಯವರು ಅವನ ಹೆಸರನ್ನು ಠಾಣೆಯಲ್ಲಿ ಹೇಳುವುದು ಹೇಗೆ? ಪೋಲೀಸರು 1963ರ ಕರ್ನಾಟಕ ಪೋಲೀಸ ಕಾಯಿದೆಯ 78ನೆಯ ಕಲಮಿನ ಮೇರೆಗೆ ಚೀಟಿ ಬರೆಯುವ ಹುಡುಗನನ್ನು ಹಿಡಿಯುತ್ತಾರೆ. ಅವನು ದಂಡ ಕಟ್ಟಿ ಹೊರಬರುತ್ತಾನೆ. ದಂಡದ ಹಣವನ್ನೂ ಮೇಲಿನವನೇ ಕೊಡುತ್ತಾನೆ. ಹುಡುಗನು ಮತ್ತಷ್ಟು ಬಿಗಿಯಾಗಿ ಅವನವನಾಗುತ್ತಾನೆ.

ಪೋಲೀಸರಿಗೂ ಜನರಿಗೂ ನಡುವೆ ಮಾತಿನ ದಾರಿ ಇಲ್ಲದಾಗ ಏನಾಗುತ್ತದೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಉದಾಹರಣೆ ಉಂಟು. 2017ರ ಫೆಬ್ರವರಿಯಲ್ಲಿ, ಆಗಿನ್ನೂ ಶಿರಹಟ್ಟಿ ತಾಲ್ಲೂಕಿಗೆ ಸೇರಿದ್ದ ಲಕ್ಷ್ಮೇಶ್ವರದಲ್ಲಿ, ಪೋಲೀಸರು ಹಿಡಿದೊಯ್ದಿದ್ದ ಯುವಕನೊಬ್ಬ ತೀರಿಕೊಂಡನೆಂಬ ಸುದ್ದಿ ಹಬ್ಬಿ, ಉದ್ರಿಕ್ತ ಜನರ ಗುಂಪು ಪೋಲೀಸ ಠಾಣೆಗೆ ಬೆಂಕಿ ಹಚ್ಚಿತು. ಯಾರದು ಎಷ್ಟು ತಪ್ಪೆಂಬುದು ನ್ಯಾಯಾಲಯದ ಮಾತು. ನನ್ನ ಗಮನ ಬೇರೆ ಕಡೆಗಿದೆ. ಲಕ್ಷ್ಮೇಶ್ವರವು ಸಂತೆ, ಗುಡಿ, ಬಸದಿ, ಮಸೀದಿಗಳ ಹಳೆಯ ಊರು. ಅಂಥ ಊರಿನಲ್ಲಿ ಆ ದಿನ ಗುಂಪಿಗೂ ಠಾಣೆಗೂ ನಡುವೆ ನಿಂತು, ಎರಡೂ ಕಡೆಯವರು ಕೇಳುವಂತೆ ಮಾತಾಡಬಲ್ಲ ಹತ್ತು ಜನರ ಸಮಿತಿಯೊಂದು ಬೇರು ಬಿಟ್ಟಿದ್ದರೆ? ಸಮಿತಿಯನ್ನು ಅಂದು ಕರೆದು ಕಟ್ಟಲಾಗದು. ಅದು ಹಿಂದಿನ ಐದು ವರ್ಷ ಸಣ್ಣಪುಟ್ಟ ಕೆಲಸ ಮಾಡುತ್ತ ಬಂದಿರಬೇಕು.

ಇದು ಬರಿಯ ಆಸೆಯ ಮಾತಲ್ಲ. ಮಹಾರಾಷ್ಟ್ರದ ಭಿವಂಡಿ ನಮ್ಮ ಬೆಟಗೇರಿಯಂತೆ ಮಗ್ಗದ ಊರು. ವಿದ್ಯುತ್ ಮಗ್ಗಗಳಿಂದ ನಮ್ಮದಕ್ಕಿಂತ ಬಹು ದೊಡ್ಡದು. 1984ರಲ್ಲಿ ಅಲ್ಲಿ ಘೋರ ಮತೀಯ ಗಲಭೆ ನಡೆದಿತ್ತು. 1988ರಲ್ಲಿ ಅಲ್ಲಿಗೆ ಉಪ ಆಯುಕ್ತರಾಗಿ ಬಂದ ಸುರೇಶ ಖೋಪಡೆಯವರು ಓಣಿ ಓಣಿಗೆ ಮೊಹಲ್ಲಾ ಸಮಿತಿ ಕಟ್ಟಿದರು. ಊರ ಮುಖಂಡರನ್ನೇ ಕೂಡಿಸಿ ಚಹಾ ಕೊಟ್ಟು ಕಳಿಸುವ ಶಾಂತಿಸಭೆಗಳಂತೆ ಅಲ್ಲ. ಸಾಮಾನ್ಯ ಜನರನ್ನು, ಸಾಮಾನ್ಯ ಪೋಲೀಸ ಪೇದೆಯನ್ನು ಎದುರುಬದುರು ಕೂಡಿಸಿದರು. 1992ರ ಡಿಸೆಂಬರಿನಲ್ಲಿಯೂ 1993ರ ಜನವರಿಯಲ್ಲಿಯೂ ಹತ್ತಿರದ ಮುಂಬಯಿ ಹೊತ್ತಿ ಉರಿದಾಗ ಭಿವಂಡಿ ಶಾಂತವಾಗಿತ್ತು. ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠವನ್ನು ಹಿಂದೂ ಮುಸಲ್ಮಾನರಿಬ್ಬರೂ ತಮ್ಮದೆನ್ನುತ್ತಾರೆ. ಅಂಥ ರೂಢಿ ಇರುವ ನಮ್ಮ ಭಾಗದಲ್ಲಿ ಈ ಕೆಲಸ ಭಿವಂಡಿಗಿಂತ ಸುಲಭವಾಗಬೇಕು.

ಕೇರಳದಲ್ಲಿ 2008ರಲ್ಲಿ 'ಜನಮೈತ್ರಿ' ಯೋಜನೆ 20 ಠಾಣೆಗಳಲ್ಲಿ ಮೊದಲಾಯಿತು. ಗಸ್ತಿನ ಪೋಲೀಸನು ಮನೆಮನೆಗೆ ಹೋಗಿ ಪರಿಚಯ ಮಾಡಿಕೊಳ್ಳುವುದು ಅದರ ಜೀವಾಳ. ತಮಿಳುನಾಡಿನಲ್ಲಿ 1993ರಲ್ಲಿ ರಾಮನಾಥಪುರದಿಂದ ಹೊರಟ 'ಪೋಲೀಸ ಮಿತ್ರರು' ಎಂಬ ಸಂಘಟನೆ ಬಹಳ ಹೆಸರಾಗಿತ್ತು. 2020ರ ಜೂನಿನಲ್ಲಿ ಸಾತ್ತಾಂಕುಳಂ ಠಾಣೆಯವರು ಹಿಡಿದ ತಂದೆ ಮಕ್ಕಳಿಬ್ಬರು ಸತ್ತಾಗ, ಈ ಮಿತ್ರರೂ ಅಲ್ಲಿದ್ದರೆಂಬ ಆರೋಪ ಬಂತು, ಸಂಘಟನೆ ಅಲ್ಲಗಳೆಯಿತು, ಸರ್ಕಾರ ಮಾತ್ರ ಜುಲೈಯಲ್ಲಿ ಅದನ್ನು ನಿಷೇಧಿಸಿತು. ಲಾಠಿ ಹಿಡಿಯಲು ಜನರಿಂದ ನಾಲ್ಕು ಹುಡುಗರನ್ನು ಎತ್ತಿಕೊಳ್ಳುವುದು ಜನರ ಭಾಗವಹಿಕೆಯಲ್ಲ. ಅದು ಪೋಲೀಸರ ಸಂಖ್ಯೆಯನ್ನು ಸಂಬಳವಿಲ್ಲದೆ ಹೆಚ್ಚಿಸುವುದು ಅಷ್ಟೆ.

ನಮ್ಮ ರಾಜ್ಯದಲ್ಲಿ 2017ರಲ್ಲಿ ಗಸ್ತು ವ್ಯವಸ್ಥೆಯನ್ನು ತಿದ್ದಿದರು. ಅದಕ್ಕೆ ಮೊದಲು ಗಸ್ತು ಎಂದರೆ ರಾತ್ರಿ ತಿರುಗಿ ಪುಸ್ತಕದಲ್ಲಿ ಸಹಿ ಮಾಡುವುದು. ಹೊಸ ಕ್ರಮದಲ್ಲಿ ಠಾಣೆಯ ಸರಹದ್ದನ್ನು ಬೀಟುಗಳಾಗಿ ಹಂಚಿ, ಒಂದೊಂದನ್ನು ಒಬ್ಬೊಬ್ಬ ಪೋಲೀಸನಿಗೆ ಎಲ್ಲ ಕೆಲಸಕ್ಕೂ ಒಪ್ಪಿಸಿ, ಪ್ರತಿಯೊಂದಕ್ಕೂ ನಾಗರಿಕ ಸದಸ್ಯರನ್ನು ಗೊತ್ತುಮಾಡಿದರು. 2025ರಲ್ಲಿ 'ಮನೆ ಮನೆಗೆ ಪೊಲೀಸ್' ಎಂಬ ಕಾರ್ಯಕ್ರಮ ಬಂತು. ಗಸ್ತಿನ ಪೋಲೀಸನು ಪ್ರತಿ ಮನೆಗೂ ಹೋಗಿ ಸುಖದುಃಖ ವಿಚಾರಿಸಿ ಬರೆದುಕೊಳ್ಳಬೇಕೆಂದು ಅದರ ಉದ್ದೇಶ.

ಈ ಸುದ್ದಿಯನ್ನು ಸೆಟ್ಲಮೆಂಟಿನ ಒಬ್ಬ ಮುದುಕಿಗೆ ನಾನು ಓದಿ ಹೇಳಿದೆ. ಅವರ ತಂದೆ ಹಾಜರಿ ಕೊಟ್ಟವರು. "ಮನಿಗೆ ಬಂದು ಹೆಸರು ಬರಕೊಳ್ಳೋದು ನಮಗೇನು ಹೊಸಾದಲ್ಲ ತಮ್ಮಾ," ಎಂದರು. "ಅವ್ರ ಬುಕ್ಕಿನಾಗ ನಮ್ಮ ಹೆಸರು ಮೊದಲಿಂದನೂ ಐತಿ. ನಮ್ಮ ಬುಕ್ಕಿನಾಗ ಅವ್ರ ಹೆಸರು ಯಾವಾಗ ಬರಿಯೂದು?"

ಈ ಮಾತನ್ನು ಕೇಳಿದ ಮೇಲೆ ರಿಯೋದ ಕಥೆಯೂ ಸೆಟ್ಲಮೆಂಟಿನ ಕಥೆಯೂ ನನಗೆ ಒಂದೇ ಕಥೆಯಾಗಿ ಕಂಡವು. ಎರಡರಲ್ಲಿಯೂ ಪೋಲೀಸರು ಜನರ ಬಳಿ ಇದ್ದರು. ಎರಡರಲ್ಲಿಯೂ ಬರೆಯುವ ಪುಸ್ತಕ ಒಂದೇ ಕೈಯಲ್ಲಿತ್ತು. ಮನೆಮನೆಗೆ ಹೋಗುವುದು ಮೇಲಿನ ಓಣಿಯ ವಕೀಲರಿಗೂ ವ್ಯಾಪಾರಿಗಳಿಗೂ ಸೌಜನ್ಯವಾಗಿ ತೋರಬಹುದು. ಹಾಜರಿಯ ನೆನಪು ಇರುವ ಓಣಿಯಲ್ಲಿ ಅದೇ ಭೇಟಿ ತನಿಖೆಯಾಗಿ ತೋರುತ್ತದೆ. ಆದುದರಿಂದ ಸೆಟ್ಲಮೆಂಟಿನಂಥ ಕಡೆ ಎರಡನೆಯ ಪುಸ್ತಕವೊಂದು ಬೇಕು. ಅದು ಓಣಿಯವರ ಕೈಯಲ್ಲಿರಬೇಕು. ಗಸ್ತಿನವನು ಯಾವ ದಿನ ಬಂದ, ಯಾರ ದೂರು ಕೇಳಿದ, ಹಿಂದಿನ ತಿಂಗಳ ದೂರು ಏನಾಯಿತು, ಯಾರನ್ನು ಠಾಣೆಗೆ ಕರೆದೊಯ್ದ, ಎಷ್ಟು ಹೊತ್ತಿಗೆ ಬಿಟ್ಟ ಎಂಬುದನ್ನು ಸಾಲೆ ಕಲಿತ ಹುಡುಗಿಯೊಬ್ಬಳು ಅದರಲ್ಲಿ ಬರೆಯಬೇಕು. ಮೇಲಿನ ಅಧಿಕಾರಿ ಬಂದಾಗ ಅದನ್ನೂ ಕೇಳಿ ನೋಡಬೇಕು. ಒಳ್ಳೆಯ ಪೇದೆಗೆ ಇದರಿಂದ ನಷ್ಟವಿಲ್ಲ. ಅವನು ಮಾಡಿದ ಕೆಲಸ ಈಗ ಯಾರ ಲೆಕ್ಕದಲ್ಲಿಯೂ ಇಲ್ಲ, ಆಗ ಇರುತ್ತದೆ.

ಪೇದೆಯ ಪಾಡನ್ನೂ ಇಲ್ಲಿ ಹೇಳಬೇಕು. ಬಂದೋಬಸ್ತು, ಕೋರ್ಟು, ಸಮನ್ಸು, ಜಾತ್ರೆ, ಮಂತ್ರಿಗಳ ಬರವು ಇವೆಲ್ಲ ಮುಗಿದು ಉಳಿದ ವೇಳೆಯಲ್ಲಿ ಅವನು ಬೀಟಿಗೆ ಬರಬೇಕು. ಹೆಸರು ಪರಿಚಯವಾಗುವಷ್ಟರಲ್ಲಿ ವರ್ಗ. ಎರಡು ಮೂರು ವರ್ಷವಾದರೂ ಒಬ್ಬನನ್ನೇ ಒಂದು ಬೀಟಿನಲ್ಲಿ ಇಡದಿದ್ದರೆ ಜನಸ್ನೇಹ ಎಂಬುದು ಫಲಕದ ಮೇಲಿನ ಅಕ್ಷರವಾಗಿಯೇ ಉಳಿಯುತ್ತದೆ. ಗಸ್ತಿನ ಪೋಲೀಸರಲ್ಲಿ ಹೆಣ್ಣುಮಕ್ಕಳು ಹೆಚ್ಚಾಗಬೇಕೆಂಬುದೂ ನನ್ನ ಅಭಿಪ್ರಾಯ. ಕುಡಿತದ ಪೆಟ್ಟು ಮೊದಲು ಬೀಳುವುದು ಮನೆಯ ಹೆಂಗಸಿನ ಮೇಲೆ. ಅವಳು ಗಂಡು ಪೇದೆಯ ಮುಂದೆ ಬಾಗಿಲಲ್ಲಿ ನಿಂತು ಹೇಳಲಾರದ್ದನ್ನು ಹೆಣ್ಣು ಪೇದೆಗೆ ಒಳಗೆ ಕರೆದು ಹೇಳುತ್ತಾಳೆ.

ಓಣಿಯ ಸಮಿತಿಗೆ ಕಾನೂನಿನ ತಿಳುವಳಿಕೆ ಸ್ವಲ್ಪವಾದರೂ ಇರಬೇಕು. ಒಂದು ಉದಾಹರಣೆ ಕೊಡುತ್ತೇನೆ. 1985ರ ಮಾದಕ ವಸ್ತುಗಳ ಕಾಯಿದೆಯಲ್ಲಿ ಗಾಂಜಾಕ್ಕೆ 1 ಕಿಲೋವರೆಗೆ 'ಅಲ್ಪ ಪ್ರಮಾಣ', 20 ಕಿಲೋ ಮೀರಿದರೆ 'ವಾಣಿಜ್ಯ ಪ್ರಮಾಣ'. ಮೊದಲನೆಯದಕ್ಕೆ ಒಂದು ವರ್ಷದವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಎರಡನೆಯದಕ್ಕೆ ಕನಿಷ್ಠ ಹತ್ತು ವರ್ಷ ಸೆರೆ. ಸೇದಿ ಸಿಕ್ಕ ಹುಡುಗನಿಗೂ ಸಾಗಿಸಿದ ದೊರೆಗೂ ಕಾಯಿದೆಯೇ ಭೇದ ಮಾಡಿದೆ. ಅದರ 64ಎ ಕಲಮಂತೂ, ಚಟಕ್ಕೆ ಬಿದ್ದವನು ಅಲ್ಪ ಪ್ರಮಾಣದೊಡನೆ ಸಿಕ್ಕು, ತಾನಾಗಿಯೇ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಪ್ಪಿ ಅದನ್ನು ಪೂರ್ತಿ ಮಾಡಿದರೆ ಮೊಕದ್ದಮೆಯಿಂದ ಪಾರಾಗಬಹುದೆಂದು ಹೇಳುತ್ತದೆ. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ನಮಗೆ ದೂರವಿಲ್ಲ. ಆದರೆ ಈ ಕಲಮು ಓಣಿಯ ತಾಯಂದಿರಲ್ಲಿ ಯಾರಿಗೆ ಗೊತ್ತು? ಗೊತ್ತಿದ್ದರೆ ಮಗನ ಜೇಬಿನಲ್ಲಿ ಪುಡಿಕೆ ಸಿಕ್ಕ ದಿನ ಅದನ್ನು ಮುಚ್ಚಿಡುವ ಬದಲು ಗಸ್ತಿನವಳನ್ನು ಕೇಳಲು ಧೈರ್ಯ ಬರುತ್ತದೆ.

ನನ್ನ ಜೊತೆ ಓದಿದ ಸೆಟ್ಲಮೆಂಟಿನ ಗೆಳೆಯನೊಬ್ಬ ಕೆಲಸದ ಅರ್ಜಿಗಳಲ್ಲಿ ಆ ಓಣಿಯ ಹೆಸರನ್ನು ಬರೆಯುವುದಿಲ್ಲ, ಬರಿಯ ಬೆಟಗೇರಿ ಎಂದು ಬರೆಯುತ್ತಾನೆ. ಓಣಿಯ ಹೆಸರು ಕೇಳಿದ ಕೂಡಲೆ ಎದುರಿನವರ ಮುಖ ಬದಲಾಗುತ್ತದಂತೆ. ಅವನ ಮೇಲೆ ಯಾವ ದೂರೂ ಇಲ್ಲ, ಅವನ ತಂದೆಯ ಮೇಲೆಯೂ ಇಲ್ಲ. ಅಂಥವನಿಗೆ ಒಳ್ಳೆಯ ನಡತೆಯ ಕಾಗದವನ್ನು ತಡವಿಲ್ಲದೆ, ಎರಡು ಸಲ ತಿರುಗಿಸದೆ ಕೊಡುವುದು ಸಮುದಾಯ ಪೋಲೀಸ ವ್ಯವಸ್ಥೆಯ ಮೊದಲ ಕೆಲಸಗಳಲ್ಲೊಂದಾಗಬೇಕು. ದಂಧೆಯವನಿಂದ ಹುಡುಗರನ್ನು ಬಿಡಿಸಲು ನೂರು ದಾಳಿಗಿಂತ ಒಂದು ಸಂಬಳದ ಕೆಲಸ ಹೆಚ್ಚು ಮಾಡುತ್ತದೆ. ಸ್ತ್ರೀಶಕ್ತಿ ಸಂಘಗಳ ಉಳಿತಾಯದ ಹಣ ರಾತ್ರಿ ಹತ್ತರ ಸಾಲಕ್ಕೂ ಒದಗುವಂತಾದರೆ ದಂಧೆಯವನ ಬಾಗಿಲು ತಟ್ಟುವವರು ಕಡಿಮೆಯಾಗುತ್ತಾರೆ.

ಕೊನೆಗೆ ಸಭೆ ಎಲ್ಲಿ ಕೂಡಬೇಕೆಂಬ ಸಣ್ಣ ಪ್ರಶ್ನೆ. ಠಾಣೆಯಲ್ಲಿ ಕೂಡಿದರೆ ಕುರ್ಚಿ ಇರುವವರು ಬರುತ್ತಾರೆ. ಓಣಿಯ ಸಾಲೆಯ ಅಂಗಳದಲ್ಲಿ ಚಾಪೆ ಹಾಸಿ ಕೂಡಿದರೆ ಉಳಿದವರು ಬರುತ್ತಾರೆ. ವೇಳೆಯೂ ಅಷ್ಟೇ ಮುಖ್ಯ: ಹಗಲಿನಲ್ಲಿ ಕೂಲಿ ಬಿಟ್ಟು ಯಾರೂ ಬರಲಾರರು; ಮಗ್ಗ ನಿಂತು, ಅಡಿಗೆ ಮುಗಿದು, ರಾತ್ರಿ ಎಂಟೂವರೆಗೆ ಇಟ್ಟುಕೊಳ್ಳುವುದು ಅನುಕೂಲ. ಅದಕ್ಕೆ ಮೊದಲು ಅಂಗಳದ ದೀಪ ಉರಿಯುವಂತೆ ಮಾಡಿಸಬೇಕು.